ಕೆಂಚೇಶ್ ಸರ್ ಅವರ ಹದಿನೈದು ಗಂಟೆ

ಜಗಳೂರಿನ ನಮ್ಮ ಕಾಲೇಜಿನಲ್ಲಿ ಈಗ ಇತಿಹಾಸ ಪಾಠ ಮಾಡುವವಳು ನಾನು. ನನಗಿಂತ ಮುಂಚೆ ಹತ್ತೊಂಬತ್ತು ವರ್ಷ ಅದೇ ಪಾಠ ಮಾಡಿದವರು ಕೆಂಚೇಶ್ ಸರ್. ನಾನು ಅವರ ವಿದ್ಯಾರ್ಥಿನಿ. ಅವರ ಕೆಲಸ ಹೋದದ್ದು ನನ್ನಿಂದ. ಹಾಗನ್ನಬೇಡ ಎಂದು ಅವರೂ ಹೇಳಿದ್ದಾರೆ, ನಮ್ಮವ್ವನೂ ಹೇಳಿದ್ದಾಳೆ. ಬೇರೆ ಹೇಗೆ ಅನ್ನಬೇಕೋ ನನಗೆ ಗೊತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಸೊಕ್ಕೆ. ಅವ್ವ ಹೊನ್ನೂರಮ್ಮ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅಪ್ಪ ನಾನು ಏಳನೇ ತರಗತಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ಬಿ.ಎ. ಎರಡನೇ ವರ್ಷದಲ್ಲಿ ನಾನು ಯಾರಿಗೂ ಹೇಳದೆ ಕಾಲೇಜು ಬಿಟ್ಟು, ಜಗಳೂರಿನದೇ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದೆ. ಮೂರನೇ ವಾರ, ಒಂದು ಮಧ್ಯಾಹ್ನ, ಕೆಂಚೇಶ್ ಸರ್ ಅಂಗಡಿಗೆ ಬಂದರು. ಟವೆಲ್ ತೋರಿಸು ಎಂದರು. ನಾನು ಐದಾರು ಬಿಚ್ಚಿ ಹರಡಿದೆ. ಎಲ್ಲವನ್ನೂ ಮುಟ್ಟಿ ನೋಡಿ ಒಂದನ್ನು ಆರಿಸಿದರು. ನಾನು ಅದನ್ನು ಮಡಿಚುತ್ತಿರುವಾಗ ಕೇಳಿದರು.

"ಸೋಮವಾರ ಇಂಟರ್ನಲ್ಸ್ ಐತೆ. ಬರ್ತೀಯಾ?"

"ಇಲ್ಲ ಸರ್. ಅವ್ವ ಒಬ್ಬಳ ಕೈಲಿ ಮನೆ ನಡೆಸಾಕೆ ಆಗಲ್ಲ."

"ಬೆಳಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಅಂಗಡಿ. ನಿಮ್ಮ ಮಾಲೀಕರ ಹತ್ರ ಆಗಲೇ ಮಾತಾಡಿದೀನಿ. ಅವರು ಒಪ್ಯಾರೆ. ಇನ್ನು ನೀನು ಒಪ್ಪಬೇಕು, ಅಷ್ಟೆ."

ನಾನು ಟವೆಲನ್ನು ಕವರಿಗೆ ಹಾಕಿ ಕೊಟ್ಟೆ. ಸೋಮವಾರ ಪರೀಕ್ಷೆಗೆ ಹೋದೆ.

ಅವರು ಕಾಯಂ ಉಪನ್ಯಾಸಕರಲ್ಲ ಎಂಬುದು ನಮಗೆ ಫೈನಲ್ ಇಯರ್‌ವರೆಗೂ ತಿಳಿದಿರಲಿಲ್ಲ. ಕಾಲೇಜಿಗೆ ಎಲ್ಲರಿಗಿಂತ ಮೊದಲು ಬರುವವರು, ಕೊನೆಗೆ ಹೋಗುವವರು ಅವರೇ. ಅಂಥವರು ಅತಿಥಿ ಉಪನ್ಯಾಸಕರು ಎಂದು ಯಾರಿಗೆ ಅನ್ನಿಸುತ್ತದೆ? ಪ್ರತಿ ವರ್ಷ ಅರ್ಜಿ ಹಾಕಬೇಕು, ಹತ್ತು ತಿಂಗಳು ಪಾಠ ಮಾಡಬೇಕು, ಆಮೇಲೆ ಮನೆಗೆ ಹೋಗಬೇಕು, ಮುಂದಿನ ವರ್ಷ ಮತ್ತೆ ಕರೆದರೆ ಬರಬೇಕು. ಅವರನ್ನು ಪ್ರತಿ ವರ್ಷವೂ ಕರೆಯುತ್ತಿದ್ದರು. ಇವತ್ತಲ್ಲ ನಾಳೆ ಕಾಯಂ ಆಗುತ್ತದೆ ಎಂದು ಅವರು ನಂಬಿದ್ದರು.

ಡಿಗ್ರಿ ಮುಗಿದ ಮೇಲೆ ದಾವಣಗೆರೆಯಲ್ಲಿ ಎಂ.ಎ. ಮಾಡು ಎಂದವರೂ ಅವರೇ. ರಜೆಯಲ್ಲಿ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದರು. ಯಾವ ಪುಸ್ತಕ ಓದಬೇಕು ಎನ್ನುವುದಕ್ಕಿಂತ ಕೆಲಸದ ಲೋಕದಲ್ಲಿ ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನೇ ಹೆಚ್ಚು ಹೇಳಿಕೊಟ್ಟರು. ನಮ್ಮ ಮನೆಗಳಲ್ಲಿ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಅರ್ಜಿ ಕೊಟ್ಟರೆ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡ. ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು, ಸುತ್ತಿ ಬಳಸಿ ಮಾತಾಡಬೇಡ. ಕೆಲಸಕ್ಕೆ ಸೇರಿದ ಮೊದಲ ದಿನ ಅಟೆಂಡರಿಗೆ ನಮಸ್ಕಾರ ಮಾಡು, ಪ್ರಿನ್ಸಿಪಾಲರಿಗೆ ಆಮೇಲೆ ಮಾಡಿದರೂ ನಡೆಯುತ್ತದೆ.

ಒಂದು ಸಲ ನಾನು ಕೇಳಿದೆ. "ಸರ್, ನೀವು ಯಾಕೆ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸ್ ಮಾಡಲಿಲ್ಲ?"

ಅವರು ಕೈಯಲ್ಲಿದ್ದ ಲೋಟ ತಿರುಗಿಸಿದರು.

"ಮೂರು ಸಲ ಬರೆದೆ. ಮೂರನೇ ಸಲ ಒಂದೇ ಒಂದು ಪ್ರಶ್ನೆಯಿಂದ ಹೋಯ್ತು. ಆಮೇಲೆ ಮದುವೆ ಆಯ್ತು, ನಮ್ಮಪ್ಪ ಹಾಸಿಗೆ ಹಿಡಿದ. ವರ್ಷವರ್ಷ ಕರೀತಾ ಇದ್ರಲ್ಲ, ಯಾಕೆ ಬರೀಬೇಕು ಅನ್ನಿಸ್ತು. ನೀನು ನನ್ನಂಗೆ ಮಾಡಬ್ಯಾಡ. ಕೈಯಾಗೆ ಕೆಲಸ ಇರುವಾಗಲೇ ಓದಬೇಕು. ಕೆಲಸ ಹೋದ ಮೇಲೆ ಓದಾಕೆ ಕೂತರೆ ಅಕ್ಷರ ಕಣ್ಣಿಗೆ ಹತ್ತಲ್ಲ."

ಎರಡನೇ ಪ್ರಯತ್ನದಲ್ಲಿ ನಾನು ಪಾಸಾದೆ. ಫಲಿತಾಂಶ ಬಂದ ದಿನ ಅವರು ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕು ಹಂಚಿದರಂತೆ. ಯಾರ ಮಗಳು ಎಂದು ಹೊಸ ಮೇಡಂ ಒಬ್ಬರು ಕೇಳಿದ್ದಕ್ಕೆ, ನಮ್ಮ ಹುಡುಗಿ ಎಂದಷ್ಟೇ ಹೇಳಿದರಂತೆ. ಅವರಿಗೆ ಮಕ್ಕಳಿಲ್ಲ.

ಮೊದಲ ವರ್ಷ ನನಗೆ ಚನ್ನಗಿರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಮರುವರ್ಷ ಹೊನ್ನಾಳಿ. ಎರಡು ಕಡೆಯೂ ರೂಮು ಮಾಡಿಕೊಂಡಿದ್ದೆ. ಹದಿನೈದು ದಿನಕ್ಕೊಮ್ಮೆ ಬಸ್ಸು ಬದಲಿಸಿಕೊಂಡು ಊರಿಗೆ ಬರುತ್ತಿದ್ದೆ. ಆ ವರ್ಷವೇ ಅವ್ವನ ಕಾಲಿಗೆ ಗಾಯವಾಯಿತು. ಅಡುಗೆ ಮನೆಯಲ್ಲಿ ಬಿಸಿ ನೀರು ಚೆಲ್ಲಿದ್ದು. ಸಕ್ಕರೆ ಕಾಯಿಲೆ ಇತ್ತೆಂದು ಗೊತ್ತಾದದ್ದು ಅದು ಮಾಯದೇ ಹೋದಾಗ. ಎರಡು ಬೆರಳು ತೆಗೆದರು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕಿತ್ತು. ಅವ್ವ ಒಬ್ಬಳೇ ಗೋಡೆ ಹಿಡಿದು ನಡೆಯುತ್ತಿದ್ದಳು, ನನಗೆ ಫೋನಿನಲ್ಲಿ ಮಾತ್ರ ಚೆನ್ನಾಗಿದ್ದೀನಿ ಅನ್ನುತ್ತಿದ್ದಳು.

ಮುಂದಿನ ವರ್ಷದ ಆಯ್ಕೆಗೆ ನಿಯಮ ಬದಲಾಯಿತು. ಅರ್ಹತಾ ಪರೀಕ್ಷೆ ಪಾಸಾದವರಿಗೆ ಮೊದಲ ಸರದಿ. ಉಳಿದವರಿಗೆ ಅನುಭವದ ವರ್ಷಗಳ ಮೇಲೆ ಅಂಕ, ಅದೂ ಪ್ರಮಾಣಪತ್ರ ಇರುವ ವರ್ಷಗಳಿಗೆ ಮಾತ್ರ. ಪಟ್ಟಿಯಲ್ಲಿ ನಾನು ಮೇಲಿದ್ದೆ. ಕಾಲೇಜು ಆರಿಸಿಕೊಳ್ಳುವ ದಿನ ಫೋನಿನಲ್ಲಿ ನೋಡಿದರೆ ಜಗಳೂರಿನ ಮುಂದೆ, ಇತಿಹಾಸ, ವಾರಕ್ಕೆ ಹದಿನೈದು ಗಂಟೆ, ಎಂದು ಬಂತು. ನಮ್ಮ ಕಾಲೇಜಿನಲ್ಲಿ ಇತಿಹಾಸಕ್ಕೆ ಇಬ್ಬರಿದ್ದರು, ಕೆಂಚೇಶ್ ಸರ್ ಮತ್ತು ಶಿವಲೀಲಾ ಮೇಡಂ. ಮೇಡಂ ವರ್ಗವಾಗಿ ಹೋದರೆಂದು ಕೇಳಿದ್ದೆ. ಅವರ ಜಾಗವೇ ಇದು ಅಂದುಕೊಂಡೆ. ಆದರೂ ಸರ್‌ಗೆ ಫೋನ್ ಮಾಡಿದೆ.

"ಸರ್, ಜಗಳೂರಲ್ಲಿ ಹದಿನೈದು ಗಂಟೆ ತೋರಿಸ್ತೈತೆ. ಶಿವಲೀಲಾ ಮೇಡಂದು ಅಲ್ವಾ?"

ಲೈನ್ ಹೋಯಿತೇನೋ ಎಂದು ಹಲೋ ಅಂದೆ.

"ಅವ್ವನ ಕಾಲು ಹೆಂಗೈತೆ?" ಎಂದರು.

"ಹಂಗೇ ಐತೆ ಸರ್."

"ಹಂಗಾದ್ರೆ ತಗೋ. ಯೋಚನೆ ಮಾಡಾಕೆ ಹೋಗಬ್ಯಾಡ. ತಗೋ."

"ನಿಮ್ಮದು ಸರ್?"

"ನನ್ನದು ಆಗ್ತೈತೆ. ಈಗ ಫೋನ್ ಇಡು, ಟೈಮ್ ಹೋದೀತು."

ನಾನು ಜಗಳೂರು ಒತ್ತಿದೆ. ಅವತ್ತು ಅವ್ವನಿಗೆ ಹೇಳುವಾಗ ನನ್ನ ದನಿಯಲ್ಲಿ ಎಷ್ಟು ಸಂತೋಷವಿತ್ತು ಎಂಬುದು ಈಗಲೂ ನೆನಪಿದೆ. ಸರ್ ಮತ್ತು ನಾನು ಒಂದೇ ಸ್ಟಾಫ್ ರೂಮಿನಲ್ಲಿ ಕೂರುತ್ತೇವೆ ಎಂದು ಹೇಳಿದ್ದೆ.

ಕಾಲೇಜಿಗೆ ಹೋದ ಮೊದಲ ದಿನ ಅಟೆಂಡರ್ ಮಾರಪ್ಪನಿಗೆ ನಮಸ್ಕಾರ ಮಾಡಿದೆ. ಅವನು ನಾನು ಓದುವಾಗಲೂ ಇದ್ದವನು. ನನ್ನ ಮುಖ ನೋಡದೆ ಜೇಬಿನಿಂದ ಒಂದು ಕೀಲಿ ತೆಗೆದ.

"ಬೀರು ಕೀಲಿ ಕಣವ್ವ. ಧನುಶ್ರೀ ಬರ್ತಾಳೆ, ಅವಳ ಕೈಗೇ ಕೊಡು ಅಂತ ಸರ್ ಕೊಟ್ಟು ಹೋದ್ರು."

"ಯಾವ ಸರ್?"

"ಕೆಂಚೇಶ್ ಸರ್. ಶಿವಲೀಲಾ ಮೇಡಂ ಜಾಗಕ್ಕೆ ಕಾಯಂ ಲೆಕ್ಚರರ್ ಬಂದು ಎರಡು ತಿಂಗಳಾಯ್ತು. ನಿಂಗೆ ಬಂದಿರೋದು ಕೆಂಚೇಶ್ ಸರ್ ಕ್ಲಾಸು. ನಿಂಗೆ ಗೊತ್ತಿರಲಿಲ್ವಾ?"

ಮಾರಪ್ಪನೇ ಬೀರು ತೆರೆದ. ಮೇಲಿನ ಅರೆಯಲ್ಲಿ, ಬಟ್ಟೆಯ ಮೇಲೆ ಸರ್ ಕೈಯಿಂದಲೇ ಬರೆದ ನಕ್ಷೆಗಳನ್ನು ಸುತ್ತಿಟ್ಟಿದ್ದರು. ಕೆಳಗೆ ನೋಟ್ಸುಗಳನ್ನು ಸೆಮಿಸ್ಟರ್ ಪ್ರಕಾರ ದಾರ ಕಟ್ಟಿ ಜೋಡಿಸಿದ್ದರು. ಅದರ ಮೇಲೊಂದು ಚೀಟಿ. ಮೂರನೇ ಸೆಮಿಸ್ಟರಿನ ಎರಡನೇ ಘಟಕ ಮಕ್ಕಳಿಗೆ ಕಷ್ಟವಾಗುತ್ತದೆ, ನಿಧಾನ ಮಾಡು, ಮೊದಲ ಬೆಂಚಿನವರನ್ನೇ ನೋಡಿಕೊಂಡು ಮುಂದೆ ಹೋಗಬೇಡ ಎಂದು ಬರೆದಿತ್ತು. ಬೇರೆ ಏನೂ ಇರಲಿಲ್ಲ.

ಫೋನ್ ಮಾಡಿದೆ, ತೆಗೆಯಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಅದರ ಕೆಳಗೆ ಸರ್ ಹೆಂಡತಿ ಅನ್ನಪೂರ್ಣಕ್ಕ ಹೊಲಿಗೆ ಮಷಿನ್ ಮುಂದೆ ಕೂತಿದ್ದರು. ಮೊದಲೆಲ್ಲ ನಾನು ಬಂದರೆ ಊಟ ಮಾಡಿಸದೆ ಕಳಿಸಿದವರಲ್ಲ. ಅವತ್ತು ಮಷಿನ್ ನಿಲ್ಲಿಸಿ ನೋಡಿದರು.

"ಅವರಿಲ್ಲ. ಹಳೆ ಕಾಗದ ಹುಡುಕಾಕೆ ಹೋಗ್ಯಾರೆ."

"ಅಕ್ಕ, ನಂಗೆ ಗೊತ್ತಿರಲಿಲ್ಲ. ನಾನು ಕೇಳಿದೆ, ಸರ್ ತಗೋ ಅಂದ್ರು."

"ಗೊತ್ತು. ಫೋನಿನಾಗೆ ಅವರು ಮಾತಾಡುವಾಗ ನಾನು ಪಕ್ಕದಾಗೇ ಇದ್ದೆ. ಯಾಕೆ ಹಂಗಂದ್ರಿ ಅಂತ ಕೇಳಿದ್ದಕ್ಕೆ, ಅವಳು ಬ್ಯಾಡ ಅಂದ್ರೆ ಪಟ್ಟಿಯಾಗೆ ಅವಳ ಕೆಳಗಿರೋರು ತಗೋತಾರೆ, ಅವಳಿಗಾದ್ರೂ ಆಗಲಿ, ನಂಗೆ ನ್ಯಾಮತಿ ಕಾಲೇಜು ಸಿಗ್ತೈತೆ ಅಂದ್ರು. ಹತ್ತೊಂಬತ್ತು ವರ್ಷದ ಅನುಭವ ಐತಲ್ಲ ಅಂತ ಧೈರ್ಯ." ಅವರು ಬಟ್ಟೆಯ ಅಂಚನ್ನು ಬೆರಳಿಂದ ತೀಡಿದರು. "ನಿನ್ನ ತಪ್ಪಲ್ಲ ಅಂತ ಅವರು ಹೇಳ್ತಾರೆ ಧನು. ಹಂಗೆ ಅನ್ನಾಕೆ ನಂಗೆ ಇನ್ನೂ ಬಾಯಿ ಬರವಲ್ದು. ಈಗ ಹೋಗು. ಸ್ವಲ್ಪ ದಿನ ಬಿಟ್ಟು ಬಾ."

ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ನ್ಯಾಮತಿ ಸಿಗಲಿಲ್ಲ. ಕಾರಣ ಇಷ್ಟೇ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಆರು ವರ್ಷಗಳಿಗೆ ಅವರ ಬಳಿ ಪ್ರಮಾಣಪತ್ರ ಇರಲಿಲ್ಲ. ಹದಿಮೂರು ವರ್ಷಗಳಿಗೆ ಮಾತ್ರ ಅಂಕ ಬಂತು. ಇನ್ನು ಮೂರು ವರ್ಷದ ಕಾಗದ ಇದ್ದಿದ್ದರೂ ಆಗುತ್ತಿತ್ತು. ನನಗೆ ಸೀಲಿನ ಪಾಠ ಹೇಳಿದವರು ತಮ್ಮ ಕಾಗದ ಮಾಡಿಸಿಕೊಂಡಿರಲಿಲ್ಲ.

ಕಾಲೇಜಿನ ಉಗ್ರಾಣದಲ್ಲಿ ಹಳೆಯ ಹಾಜರಿ ಪುಸ್ತಕಗಳಿವೆ ಎಂದು ಮಾರಪ್ಪ ಹೇಳಿದ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಮೂರು ಶನಿವಾರ ನಾನೂ ಮಾರಪ್ಪನೂ ಅಲ್ಲಿ ಹುಡುಕಿದೆವು. ಮುರಿದ ಬೆಂಚುಗಳ ಹಿಂದೆ ಗೆದ್ದಲು ಹಿಡಿದ ಕಟ್ಟುಗಳಿದ್ದವು. ನಾಲ್ಕು ವರ್ಷದ ಪುಸ್ತಕಗಳು ಸಿಕ್ಕವು. ಪ್ರತಿ ದಿನದ ಎದುರಿಗೂ ಸರ್ ಸಹಿ, ಆಗಿನ ಕೈಬರಹ ಇನ್ನೂ ದುಂಡಗಿತ್ತು. ಪ್ರಿನ್ಸಿಪಾಲರು ಪುಟಗಳ ನಕಲಿಗೆ ದೃಢೀಕರಣ ಕೊಟ್ಟರು. ಆದರೆ ತಮಗಿಂತ ಹಿಂದಿನ ಕಾಲದ ಅನುಭವ ಪತ್ರಕ್ಕೆ ತಾವು ಸಹಿ ಮಾಡಲಾಗದು, ಆಗಿದ್ದವರಿಂದ ಏನಾದರೂ ಬರೆಸಿಕೊಂಡು ಬಂದರೆ ಸೇರಿಸಿ ಇಲಾಖೆಗೆ ಕಳಿಸುತ್ತೇನೆ ಎಂದರು.

ಆಗ ಪ್ರಿನ್ಸಿಪಾಲರಾಗಿದ್ದವರು ಬಸವರಾಜಪ್ಪನವರು. ನಿವೃತ್ತರಾಗಿ ಚನ್ನಗಿರಿಯಲ್ಲಿ ಮಗನ ಅಡಿಕೆ ಮಂಡಿಯಲ್ಲಿ ಕೂರುತ್ತಿದ್ದರು. ಆ ಊರು ನನಗೆ ಗೊತ್ತಿದ್ದರಿಂದ ನಾನೂ ಬರುತ್ತೇನೆ ಎಂದು ಸರ್‌ಗೆ ಸಂದೇಶ ಕಳಿಸಿದೆ. ಬರಬೇಡ ಅನ್ನಲಿಲ್ಲ. ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ನಿಂತಿದ್ದರು. ಎರಡು ತಿಂಗಳಲ್ಲಿ ಇಳಿದುಹೋಗಿದ್ದರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅವರೇ ಶುರುಮಾಡಿದರು.

"ಆ ಆರು ವರ್ಷ ನಾನು ಪತ್ರ ಕೇಳಲೇ ಇಲ್ಲ ಧನು. ಕೇಳಿದ್ರೆ ಇವನಿಗೆ ಬೇರೆ ಕಡೆ ಹೋಗೋ ಮನಸ್ಸೈತೆ ಅಂದುಕೊಂಡು ಮುಂದಿನ ವರ್ಷ ಕರೀದೆ ಬಿಟ್ಟಾರು ಅಂತ ಭಯ. ಕೊನೇ ದಿನ ಎಲ್ಲರಿಗೂ ಕೈಮುಗಿದು ಸುಮ್ಮನೆ ಬಂದುಬಿಡ್ತಿದ್ದೆ. ನಮ್ಮ ಮನೆಯಾಗೆ ಕುರ್ಚಿ ಮೇಲೆ ಕೂತು ಕೆಲಸ ಮಾಡಿದೋನು ನಾನೇ ಮೊದಲು. ಕೂರಿಸ್ಯಾರಲ್ಲ, ಅದೇ ದೊಡ್ಡದು ಅನ್ನಿಸ್ತಿತ್ತು. ಹಕ್ಕು ಅಂತ ಕೇಳಾಕೆ ಬರಲಿಲ್ಲ."

ನಾನು ಕಿಟಕಿ ಕಡೆ ನೋಡುತ್ತಿದ್ದೆ. ಅವರು ನನ್ನ ಮುಖ ನೋಡುವುದು ನನಗೆ ಬೇಡವಾಗಿತ್ತು.

ಬಸವರಾಜಪ್ಪನವರು ಸರ್ ಅವರನ್ನು ಕಂಡ ಕೂಡಲೇ ಗುರುತು ಹಿಡಿದರು. "ಬರ್ರಿ ಕೆಂಚೇಶ್, ಬರ್ರಿ" ಎಂದು ಗದ್ದಿಗೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ನಾವು ತಂದ ಪುಟಗಳನ್ನು ಕನ್ನಡಕ ಏರಿಸಿ ಒಂದೊಂದಾಗಿ ನೋಡಿದರು.

"ಒಂದು ದಿನಾನೂ ತಪ್ಪಿಸಿಲ್ಲ ನೀವು. ಅವತ್ತೇ ಒಂದು ಮಾತು ಕೇಳಿದ್ರೆ ನಿಂತ ನಿಲುವಿನಾಗೆ ಬರೆದು ಕೊಡ್ತಿದ್ದೆನಲ್ರಿ."

"ಕೇಳಲಿಲ್ಲ ಸಾರ್."

"ಕೇಳಲಿಲ್ಲ ಅಂದ್ರೂ ನಾನೇ ಕೊಡಬೇಕಿತ್ತು. ನಂಗೂ ಹೊಳೀಲಿಲ್ಲ." ಅವರು ಬಿಳಿ ಹಾಳೆ ತರಿಸಿ, ಇವರು ಆರು ವರ್ಷ ನನ್ನ ಕೈಕೆಳಗೆ ಪಾಠ ಮಾಡಿದ್ದು ಸತ್ಯ ಎಂದು ಒಂದು ಪುಟ ಬರೆದರು. ಸಹಿ ಹಾಕಿ, ಹಾಳೆಯನ್ನು ಹಿಡಿದುಕೊಂಡೇ ಇದ್ದರು. "ಸೀಲ್ ಇಲ್ಲ. ಇದು ನಡೀತೈತೋ ಇಲ್ಲವೋ ನಂಗೆ ಗೊತ್ತಿಲ್ಲ."

ವಾಪಸು ಬರುವಾಗ ದಾವಣಗೆರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ನಾನು ಬ್ಯಾಗಿನಿಂದ ಒಂದು ಕವರು ತೆಗೆದು ಕೊಟ್ಟೆ. ನನ್ನ ರಾಜೀನಾಮೆ ಪತ್ರ, ನಾಲ್ಕು ದಿನದ ಹಿಂದೆಯೇ ಬರೆದಿದ್ದೆ. ಅವರು ಪೂರ್ತಿ ಓದಿದರು. ಓದಿ, ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಹೇಳಿದರು.

"ನೀನು ಬಿಟ್ರೆ ಪಟ್ಟಿಯಾಗೆ ನಿನ್ನ ಕೆಳಗಿರೋರು ಬರ್ತಾರೆ. ಅವರು ಬಿಟ್ರೆ ಅವರ ಕೆಳಗಿನೋರು. ನನ್ನ ಹೆಸರು ಬರಾಕೆ ನಲವತ್ತು ಜನ ಬಿಡಬೇಕು."

"ಆದ್ರೂ ಸರ್, ನಂಗೆ ಆ ಕ್ಲಾಸಿಗೆ ಹೋಗಾಕೆ ಆಗ್ತಿಲ್ಲ."

"ಹೋಗಬೇಕು. ನಿನ್ನ ಮನಸ್ಸಿಗೆ ಬ್ಯಾಸರ ಅಂತ ಆ ಮಕ್ಕಳು ಪಾಠ ಬಿಡಾಕಾಗ್ತದಾ? ಅವ್ವನ ಕಾಲಿಗೆ ಯಾರು ಬಟ್ಟೆ ಕಟ್ತಾರೆ?" ಪತ್ರವನ್ನು ಮಡಿಚಿ ತಮ್ಮ ಜೇಬಿಗೇ ಹಾಕಿಕೊಂಡರು. "ಇನ್ನೊಂದು ವಿಷಯ. ನೀನು ಚನ್ನಗಿರಿಯಾಗೆ, ಹೊನ್ನಾಳಿಯಾಗೆ ಮಾಡಿದ್ದಕ್ಕೆ ಪತ್ರ ತಗಂಡಿದೀಯಾ?"

"ತಗಂಡೀನಿ ಸರ್. ಎರಡೂ ಅದಾವೆ."

"ಒಳ್ಳೇದಾಯ್ತು" ಎಂದು ತಲೆಯಾಡಿಸಿ ಆ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ಇಪ್ಪತ್ತೆಂಟು ವರ್ಷದ ನಾನು, ನಲವತ್ತೆಂಟು ವರ್ಷದ ಮೇಷ್ಟ್ರ ಪಕ್ಕದಲ್ಲಿ, ನೂರಾರು ಜನ ಓಡಾಡುವ ಜಾಗದಲ್ಲಿ ಏನು ಮಾಡಬೇಕೋ ತಿಳಿಯದೆ ಕೂತಿದ್ದೆ. ಜಗಳೂರು ಬಸ್ಸು ಬಂತು. ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಜನರ ನಡುವೆ ನುಗ್ಗಿ ನನಗೆ ಸೀಟು ಹಿಡಿದರು.

ಒಂದು ತಿಂಗಳ ಮೇಲೆ ಇಲಾಖೆಯಿಂದ ಉತ್ತರ ಬಂತು. ನಿವೃತ್ತರ ಪತ್ರವನ್ನು ಪರಿಗಣಿಸಲು ಬರುವುದಿಲ್ಲ, ಆಕ್ಷೇಪಣೆಯ ಅವಧಿಯೂ ಮುಗಿದಿದೆ ಎಂದು ಎರಡೇ ಸಾಲು. ಪ್ರಿನ್ಸಿಪಾಲರು ಅದನ್ನು ನನ್ನ ಕೈಗೆ ಕೊಟ್ಟರು. ನಾನೇ ಅದನ್ನು ಸರ್ ಮನೆಗೆ ತೆಗೆದುಕೊಂಡು ಹೋದೆ. ಅವರು ಓದಿ ಅನ್ನಪೂರ್ಣಕ್ಕನಿಗೆ ಕೊಟ್ಟರು. ಅಕ್ಕ ಓದಿ ಮಷಿನ್ ಮೇಲಿಟ್ಟು ಒಳಗೆ ಹೋದರು. ಅಂದು ನನಗೆ ಊಟ ಬಡಿಸಿದರು. ಮೂವರೂ ಒಟ್ಟಿಗೆ ಉಂಡೆವು.

ಆಮೇಲೆ ಸರ್‌ಗೆ ನ್ಯಾಮತಿಯ ಒಂದು ಖಾಸಗಿ ಶಾಲೆಯ ಹಾಸ್ಟೆಲ್‌ನಲ್ಲಿ ವಾರ್ಡನ್ ಕೆಲಸ ಸಿಕ್ಕಿತು. ಅಲ್ಲೇ ಇರಬೇಕು, ತಿಂಗಳಿಗೊಮ್ಮೆ ಊರಿಗೆ ಬರಬಹುದು. ಅನ್ನಪೂರ್ಣಕ್ಕ ಹೊಲಿಗೆ ಬಿಟ್ಟು ಹೋಗಲಾರದೆ ಜಗಳೂರಿನಲ್ಲೇ ಉಳಿದರು.

ನಾನು ಪ್ರತಿ ಭಾನುವಾರ ಸರ್‌ಗೆ ಫೋನ್ ಮಾಡುತ್ತಿದ್ದೆ. ಆ ವಾರ ಯಾವ ಪಾಠ ಆಯಿತು, ಯಾರು ಏನು ಕೇಳಿದರು, ಎಲ್ಲ ಹೇಳುತ್ತಿದ್ದೆ. ಅವರಿಗೆ ಅದರಿಂದ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಅವರನ್ನು ನೋಡಲು ನ್ಯಾಮತಿಗೇ ಹೋದೆ. ಹಾಸ್ಟೆಲ್ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಕೊರಳಲ್ಲಿ ಸೀಟಿ ಇತ್ತು. ನನ್ನನ್ನು ಕಂಡು ನಕ್ಕರು. ಅಡುಗೆಯವರಿಗೆ ಹೇಳಿ ಚಹಾ ತರಿಸಿದರು.

"ಇಲ್ಲಿ ಪಾಠ ಮಾಡಾಕೆ ಬಿಡ್ತಾರಾ ಸರ್?"

"ಇಲ್ಲ. ಅದಕ್ಕೆ ಬೇರೆಯೋರು ಅದಾರೆ. ನಂದು ಏಳಿಸೋದು, ಉಣಿಸೋದು, ಮಲಗಿಸೋದು."

ನಾನು ಕಾಲೇಜಿನ ವಿಷಯ ತೆಗೆದೆ. ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಹೇಳತೊಡಗಿದೆ. ಅವರು ಲೋಟ ಕೆಳಗಿಟ್ಟು ಕೈ ಅಡ್ಡ ಹಿಡಿದರು.

"ಧನು, ಒಂದು ಮಾತು ಹೇಳ್ತೀನಿ, ತಪ್ಪು ತಿಳಕಬ್ಯಾಡ. ನೀನು ಭಾನುವಾರ ಫೋನ್ ಮಾಡ್ತೀಯಲ್ಲ, ಅದಾದ ಮೇಲೆ ಬುಧವಾರದ ತನಕ ನಂಗೆ ಸರಿಯಾಗಿ ನಿದ್ದೆ ಬರಲ್ಲ. ಆ ಕ್ಲಾಸ್ ರೂಮು, ಆ ಕಿಟಕಿ, ಎಲ್ಲಾ ಕಣ್ಣ ಮುಂದೆ ಬರ್ತೈತೆ. ನಿನ್ನ ಮೇಲೆ ಸಿಟ್ಟಿಲ್ಲ. ಖರೇ ಹೇಳ್ತೀನಿ, ಸಿಟ್ಟಿಲ್ಲ. ಆದ್ರೆ ಕೇಳಾಕೆ ಆಗ್ತಿಲ್ಲ. ಸ್ವಲ್ಪ ದಿನ ಫೋನ್ ಮಾಡಬ್ಯಾಡ."

"ಎಷ್ಟು ದಿನ ಸರ್?"

"ನಾನೇ ಮಾಡ್ತೀನಿ."

ಊಟದ ಹೊತ್ತಾಗಿತ್ತು. ಮಕ್ಕಳು ತಟ್ಟೆ ಹಿಡಿದು ಬಂದು ಅವರನ್ನು ಸುತ್ತುವರಿದರು. ಅವರು ಎದ್ದು, ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಸಾಲು ಸರಿಮಾಡಲು ಹೋದರು. ನಾನು ಗೇಟಿನ ತನಕ ಬಂದು ಸ್ವಲ್ಪ ಹೊತ್ತು ನಿಂತೆ. ಅವರು ತಿರುಗಿ ನೋಡಲಿಲ್ಲ. ಊರಿಗೆ ಮರಳಲು ಹೊನ್ನಾಳಿಗೆ ಹೋಗುವ ಬಸ್ಸು ಹತ್ತಿದೆ.

ಅದಾಗಿ ಏಳು ತಿಂಗಳಾಗಿದೆ. ಅವ್ವನ ಕಾಲು ಮಾಯ್ದಿದೆ, ಕೋಲು ಹಿಡಿದು ಬಾಗಿಲ ತನಕ ಬರುತ್ತಾಳೆ. ಭಾನುವಾರ ಬಂದರೆ, ಫೋನ್ ಬಂತೇನೇ ಎಂದು ಕೇಳುತ್ತಾಳೆ. ಇಲ್ಲವ್ವ ಅನ್ನುತ್ತೇನೆ.